ಸಬ್‌ವೂಫರ್‌ಗೂ ಶ್ರುತಿ ಮಾಡಬೇಕು

ಮಾನ್ಯ ಸಂಪಾದಕರೇ,

ಹಬ್ಬದ ಸಮಯದಲ್ಲಿ ನಿಮ್ಮ ಪುರವಣಿಯಲ್ಲಿ ಮನೆಗೆ ಮ್ಯೂಸಿಕ್ ಸಿಸ್ಟಂ ಕೊಳ್ಳುವವರಿಗಾಗಿ ಒಂದು ಲೇಖನ ಬಂದಿತ್ತು. ವಾಟ್, ಬ್ಲೂಟೂತ್, ಬೆಲೆ, ಎಲ್ಲ ಚೆನ್ನಾಗಿಯೇ ಬರೆದಿದ್ದರು. ಬಾಸ್, ಅಂದರೆ ಕೆಳಗಿನ ದಪ್ಪ ಸ್ವರಗಳನ್ನಷ್ಟೇ ನುಡಿಸುವ ಸಬ್‌ವೂಫರ್ ಎಂಬ ಸ್ಪೀಕರ್ ಪೆಟ್ಟಿಗೆಗೆ ಮಾತ್ರ ಒಂದೇ ಸಾಲು. ದೊಡ್ಡದು ತಗೊಳ್ಳಿ, ಮೂಲೆಗಿಡಿ, ಬಾಸ್ ಜಾಸ್ತಿ ಬರುತ್ತದೆ ಅಂತ. ಬಾಸ್ ಜಾಸ್ತಿ ಬರುವುದು ನಿಜ. ಆದರೆ ಆ ಒಂದು ಸಾಲನ್ನು ನಂಬಿ ನಾನು ಎಂಟು ತಿಂಗಳು ಕೆಟ್ಟ ಸಂಗೀತ ಕೇಳಿದ್ದೇನೆ. ಕೆಳಗಿನ ಮನೆಯವರ ಜೊತೆ ಮಾತು ಬಿಡುವ ಹಂತಕ್ಕೂ ಹೋಗಿದ್ದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ನನ್ನಪ್ಪ ಮೃದಂಗ ನುಡಿಸುತ್ತಿದ್ದರು. ದೊಡ್ಡ ಹೆಸರೇನೂ ಇರಲಿಲ್ಲ. ರಾಮನವಮಿ, ಗಣಪತಿ ಹಬ್ಬ, ಮದುವೆ ಮನೆ, ಎಲ್ಲಿ ಕರೆದರೂ ಹೋಗುತ್ತಿದ್ದರು. ಕಛೇರಿ ಶುರುವಾಗುವ ಮುಂಚೆ ಒಂದು ಕರಟದಲ್ಲಿ ರವೆಗೆ ನೀರು ಹಾಕಿ ಕಲಸುತ್ತಿದ್ದರು. ಆ ಮುದ್ದೆಯನ್ನು ಮೃದಂಗದ ಎಡ ಮುಖದ, ಅಂದರೆ ತೊಪ್ಪಿಯ, ನಡುವೆ ಒತ್ತುತ್ತಿದ್ದರು. ಒಂದು ಸಲ ತಟ್ಟಿ ಕಿವಿ ಕೊಡುವುದು. ಒಂದು ಚಿಟಿಕೆ ಸೇರಿಸುವುದು. ಮತ್ತೆ ತಟ್ಟುವುದು. ಜಾಸ್ತಿ ಆಯ್ತು ಅನಿಸಿದರೆ ಉಗುರಿನಲ್ಲಿ ಕೆರೆದು ಒಂದಿಷ್ಟು ತೆಗೆಯುವುದು. ಎಡ ಹೋಗಿ ಬಲಕ್ಕೆ ಸೇರುವ ತನಕ ಕಾಫಿ ತಂದಿಟ್ಟರೂ ಮುಟ್ಟುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಒಣಗಿದ ರವೆ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಕೆಲಸ. ಅವರು ಸಾಧನೆ ಮಾಡುವಾಗ ನಾನು ಎಡಗಡೆಯೇ ಕೂರುತ್ತಿದ್ದೆ. ಮಣಿಕಟ್ಟು ಜಾರಿಸಿ ಗುಮ್ಕಿ, ಅಂದರೆ ಕೆಳಗಿನಿಂದ ಜಾರುತ್ತಾ ಏರುವ ನಾದ, ತೆಗೆದರೆ ಅದು ಕಿವಿಗೆ ಬರುವುದರ ಜೊತೆಗೆ ನೆಲದಿಂದ ಮೊಣಕಾಲಿಗೂ ಬರುತ್ತಿತ್ತು.

ಮೃದಂಗದ ಬಲಗಡೆಯ ಕಥೆ ಎಲ್ಲರಿಗೂ ಗೊತ್ತು. ಸರ್ ಸಿ.ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಬರೀ ಚರ್ಮವಾದರೆ ಅದರ ಕಂಪನಗಳು ಒಂದಕ್ಕೊಂದು ಲೆಕ್ಕಕ್ಕೆ ಸಿಗುವುದಿಲ್ಲ. ನಡುವೆ ಕರಣೆ ಎಂಬ ಕಪ್ಪು ಲೇಪ ಹಾಕಿದರೆ ಮೂಲ ಸ್ವರದ ಎರಡರಷ್ಟು, ಮೂರರಷ್ಟು ಎಂದು ಸಾಲಾಗಿ ಕೂರುತ್ತವೆ. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಸಂತೋಷದಿಂದ ಹೇಳುತ್ತಿದ್ದೆ. ಆದರೆ ನಿವೃತ್ತಿಯಾಗಿ ಮನೆಯಲ್ಲಿ ಕೂತು ಹಳೇ ಕಛೇರಿಗಳ ರೆಕಾರ್ಡಿಂಗ್ ಕೇಳಲು ಶುರು ಮಾಡಿದಾಗ ನನಗೆ ಕೊರತೆ ಕಂಡದ್ದು ಎಡಗಡೆಯಲ್ಲಿ. ಬಲ ಟಣ್ಣೆಂದು ಕೇಳುತ್ತಿತ್ತು. ಎಡ ಇರಲೇ ಇಲ್ಲ. ಯಾರೋ ರಟ್ಟಿನ ಡಬ್ಬ ತಟ್ಟಿದ ಹಾಗಿತ್ತು.

ತಪ್ಪು ರೆಕಾರ್ಡಿಂಗಿನದ್ದಲ್ಲ. ನನ್ನ ಸ್ಪೀಕರ್‌ಗಳು ಚಿಕ್ಕವು, ಪುಸ್ತಕದ ಶೆಲ್ಫಿನಲ್ಲಿ ಕೂರುವಂಥವು. ಐದೂಕಾಲು ಇಂಚಿನ ಕೋನ್. ಗಾಯಕರು ಹಾರ್ಮೋನಿಯಂ ಲೆಕ್ಕದ ಒಂದು ಮನೆ ಶ್ರುತಿಯಲ್ಲಿ ಹಾಡಿದರೆ ಷಡ್ಜ ಸುಮಾರು 131 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಕೊನೆಯ ತಂತಿ, ಅಂದರೆ ಮಂದ್ರ ಷಡ್ಜ, ಅದರ ಅರ್ಧ, 65. ಸಿನಿಮಾ ಹಾಡಿನ ಬಾಸ್ ಗಿಟಾರ್ 41ರ ತನಕ ಇಳಿಯುತ್ತದೆ. ಅಷ್ಟು ಕೆಳಗೆ ಗಾಳಿ ತಳ್ಳಲು ಐದು ಇಂಚಿನ ಕೋನ್‌ಗೆ ಶಕ್ತಿ ಸಾಲದು. 70ರ ಹತ್ತಿರ ಬರುವಾಗಲೇ ಸೊರಗುತ್ತದೆ. ಹಾಗಾಗಿ ಸಬ್‌ವೂಫರ್ ಬೇಕಾಯಿತು. ಧಂ ಧಂ ಅನ್ನಿಸಲು ಅಲ್ಲ, ತೊಪ್ಪಿಗಾಗಿ, ತಂಬೂರಿಗಾಗಿ.

ಅಂಗಡಿಯಿಂದ ಇಬ್ಬರು ಹುಡುಗರು ಬಂದರು. ಹತ್ತು ಇಂಚಿನದು, ಹದಿನೆಂಟು ಕಿಲೋ ತೂಕ. ಟಿವಿ ಪಕ್ಕದ ಮೂಲೆಗೆ ತಳ್ಳಿದರು. ಹಿಂದಿನ ಮೂರು ತಿರುಗುಣಿಗಳಲ್ಲಿ ಎರಡನ್ನು ಬಲಕ್ಕೆ ತಿರುಗಿಸಿದರು. ಒಂದು ಹಾಡು ಹಾಕಿದರು. ಶೋಕೇಸಿನ ಗಾಜು ನಡುಗಿತು. 'ಹೆಂಗಿದೆ ಮೇಡಂ ಎಫೆಕ್ಟು?' ಅಂದರು. ಹತ್ತು ನಿಮಿಷದಲ್ಲಿ ಹೊರಟುಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ದಿನಕ್ಕೆ ಎಂಟು ಮನೆಗೆ ಹೋಗಬೇಕು, ಅಷ್ಟೇ ಅವರಿಗೆ ಗೊತ್ತಿರುವುದು.

ಆ ಸಂಜೆಯೇ ವಾರ್ತೆ ನೋಡುವಾಗ ಏನೋ ಸರಿಯಿಲ್ಲ ಅನಿಸಿತು. ವಾರ್ತೆ ಓದುವವರ ಮುಖ ಟಿವಿಯಲ್ಲಿ, ಗಂಟಲು ಮಾತ್ರ ಮೂಲೆಯಲ್ಲಿ. ಆಮೇಲೆ ನೋಡಿದರೆ ಎಷ್ಟರಿಂದ ಕೆಳಗಿನ ಸ್ವರ ಸಬ್‌ವೂಫರ್ ನುಡಿಸಬೇಕು ಎಂದು ಗೊತ್ತು ಮಾಡುವ ಕ್ರಾಸ್‌ಓವರ್ ತಿರುಗುಣಿ 150 ಹರ್ಟ್ಸ್‌ನಲ್ಲಿತ್ತು. ಗಂಡಸರ ಮಾತಿನ ದನಿ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು. ಅದೆಲ್ಲ ಸಬ್‌ವೂಫರ್‌ನಿಂದಲೂ ಜೋರಾಗಿ ಬರುತ್ತಿತ್ತು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತು ಅಂತ ಮುಚ್ಚಿದ ಕೋಣೆಯಲ್ಲಿ ನಮ್ಮ ಕಿವಿಗೆ ಗುರುತು ಸಿಗುವುದು ಕಷ್ಟ. ಅದರ ಮೇಲಿನದು ಚೆನ್ನಾಗಿ ಸಿಗುತ್ತದೆ. ಅದಕ್ಕೇ ಸಿನಿಮಾ ಸೌಂಡಿನವರು 80 ಅನ್ನು ಒಂದು ಗಡಿಯಾಗಿ ಇಟ್ಟುಕೊಂಡಿರುವುದು.

ಕಛೇರಿ ಹಾಕಿದಾಗ ಇನ್ನೊಂದು ತೊಂದರೆ. ಗುಮ್ಕಿ ಕೆಳಗಿನಿಂದ ಏರುತ್ತಾ ಬರುವಾಗ ಮಧ್ಯದಲ್ಲಿ ಒಂದು ಕಡೆ ಧುತ್ತೆಂದು ಊದಿಕೊಳ್ಳುತ್ತಿತ್ತು. ಮುಂದೆ ಹೋದರೆ ಮತ್ತೆ ಸಣ್ಣ. ಅಪ್ಪನ ಕೈಯಲ್ಲಿ ಆ ಏರಿಕೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಇಲ್ಲಿ ನಡುವೆ ಒಂದು ಗುಡ್ಡ ಇತ್ತು.

ಆ ಗುಡ್ಡ ಸಬ್‌ವೂಫರ್‌ನಲ್ಲಿ ಇರಲಿಲ್ಲ, ನನ್ನ ಮನೆಯ ಹಾಲ್‌ನಲ್ಲಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ಭೌತಶಾಸ್ತ್ರದ ಮೇಷ್ಟರೇ ಆಗಬೇಕಾಗಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಅನುನಾದ ನಳಿಕೆ ಇರುತ್ತದೆ. ಶ್ರುತಿ ಕವಲನ್ನು ಬಡಿದು ಅದರ ಬಾಯಿಗೆ ಹಿಡಿಯುತ್ತೇವೆ. ನೀರಿನ ಮಟ್ಟ ಏರಿಳಿಸುತ್ತಾ ಹೋದರೆ ಒಂದು ಜಾಗದಲ್ಲಿ ನಳಿಕೆ ತಾನೇ ಕೂಗುತ್ತದೆ. ನಮ್ಮ ಕೋಣೆಯೂ ಒಂದು ನಳಿಕೆಯೇ, ಎರಡೂ ಕಡೆ ಮುಚ್ಚಿದ್ದು. ನನ್ನ ಹಾಲು ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರ. ಶಬ್ದದ ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 38 ಹರ್ಟ್ಸ್ ಬರುತ್ತದೆ. ಅಗಲಕ್ಕೆ 47. ಎತ್ತರಕ್ಕೆ 57. ಉದ್ದದ ಎರಡನೆಯದು 76. ಈ ಸ್ವರಗಳು ಬಂದಾಗ ಹಾಲು ತಾನೂ ಹಾಡುತ್ತದೆ. ಗೋಡೆಯ ಹತ್ತಿರ ಒತ್ತಡ ಜಾಸ್ತಿ. ಮೂಲೆಯಲ್ಲಂತೂ ಎರಡು ಗೋಡೆ, ಒಂದು ನೆಲ ಸೇರಿ ಎಲ್ಲ ಸ್ವರವನ್ನೂ ಒಟ್ಟಿಗೆ ಎಬ್ಬಿಸುತ್ತವೆ. ನನ್ನ ಸಬ್‌ವೂಫರ್ ಮುಂದಿನ ಮೂಲೆಯಲ್ಲಿ, ನನ್ನ ದಿವಾನ್ ಹಿಂದಿನ ಗೋಡೆಗೆ ಅಂಟಿಕೊಂಡು. ಗುಮ್ಕಿ 76ನ್ನು ದಾಟುವಾಗ ಉಬ್ಬದೆ ಇನ್ನೇನಾಗುತ್ತದೆ?

ಬೇಕಾದರೆ ನೀವೇ ನೋಡಬಹುದು. ಫೋನಿನಲ್ಲಿ ಟೋನ್ ಹೊರಡಿಸುವ ಆ್ಯಪ್ ಪುಕ್ಕಟೆ ಸಿಗುತ್ತದೆ. ನಾನು 47 ಹರ್ಟ್ಸ್ ಇಟ್ಟು, ಸದ್ದು ಸಣ್ಣಗೆ ಮಾಡಿ, ಎಡಗೋಡೆಯಿಂದ ಬಲಗೋಡೆಗೆ ಮೆಲ್ಲಗೆ ನಡೆದೆ. ಗೋಡೆಯ ಹತ್ತಿರ ಎದೆಗೆ ಒತ್ತುವಷ್ಟು ಸದ್ದು. ಆರು ಅಡಿ ಬಂದು ಹಾಲಿನ ನಟ್ಟನಡುವೆ ನಿಂತರೆ ಹೆಚ್ಚುಕಡಿಮೆ ಮಾಯ. ಮತ್ತೆ ಆರು ಅಡಿ ಹೋದರೆ ಪೂರ್ತಿ ವಾಪಸ್. ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಅವತ್ತು ನನ್ನ ಮನೆಯ ನೆಲದ ಮೇಲೆ ನಡೆದು ಕಂಡೆ. ಮೊಮ್ಮಗನನ್ನು ಕರೆದು ಅವನನ್ನೂ ನಡೆಸಿದೆ. ಅವನಿಗೆ ಹತ್ತು ವರ್ಷ. 'ಅಜ್ಜಿ, ಇಲ್ಲಿ ಯಾರೋ ಸ್ವಿಚ್ ಆಫ್ ಮಾಡ್ತಾರೆ' ಅಂದ. ನನ್ನ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ದಪ್ಪ ಕರ್ಟನ್ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಮಾತಿನ ಪ್ರತಿಧ್ವನಿಗೆ ಕರ್ಟನ್ ಒಳ್ಳೆಯದು. ಆದರೆ 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ಅದಕ್ಕೆ ಮೊಟ್ಟೆ ಟ್ರೇ ಲೆಕ್ಕಕ್ಕೇ ಇಲ್ಲ. ಇದರ ಜೊತೆ ಇನ್ನೊಂದು ಮಾತು. ತೀರ್ಥಹಳ್ಳಿ ಕಡೆ ನಮ್ಮ ಅಕ್ಕನ ಮನೆ ಇದೆ. ಹೆಂಚಿನ ಮಾಡು, ಮರದ ಅಟ್ಟ, ಮರದ ಜಾಲರಿಯ ಕಿಟಕಿ. ಅಲ್ಲಿ ಭಾವನವರ ಹಳೇ ಸಿಸ್ಟಂನಲ್ಲಿ ಬಾಸ್ ಎಷ್ಟು ಹಿತವಾಗಿರುತ್ತಿತ್ತು ಅಂದರೆ ನಾನು ಅದು ಆ ಕಂಪನಿಯ ಗುಣ ಅಂದುಕೊಂಡಿದ್ದೆ. ಈಗ ಗೊತ್ತಾಗುತ್ತದೆ. ಅಲ್ಲಿ ಕೆಳಗಿನ ಸ್ವರಗಳು ಹೆಂಚಿನ ಸಂದಿಯಿಂದ, ಅಟ್ಟದಿಂದ ಹೊರಗೆ ಹೋಗಿಬಿಡುತ್ತವೆ. ನಮ್ಮ ಆರ್‌ಸಿಸಿ ಪೆಟ್ಟಿಗೆಯಲ್ಲಿ, ಹೊಳೆಯುವ ಟೈಲ್ಸ್ ಮೇಲೆ, ಅವಕ್ಕೆ ಹೋಗಲು ದಾರಿಯೇ ಇಲ್ಲ. ಅಲ್ಲೇ ಸುತ್ತುತ್ತವೆ.

ಇಷ್ಟು ತಿಳಿದ ಮೇಲೆ ಸಬ್‌ವೂಫರ್‌ಗೆ ಜಾಗ ಹುಡುಕುವ ಕೆಲಸ. ಇದಕ್ಕೆ ಒಂದು ಹಳೇ ಉಪಾಯವಿದೆ. ಶಬ್ದ ಇಲ್ಲಿಂದ ಅಲ್ಲಿಗೆ ಹೇಗೆ ಹೋಗುತ್ತದೋ ಅಲ್ಲಿಂದ ಇಲ್ಲಿಗೂ ಹಾಗೇ ಬರುತ್ತದೆ. ಹಾಗಾಗಿ ಸಬ್‌ವೂಫರನ್ನು ನಾವು ಕೂರುವ ಜಾಗದಲ್ಲಿ ಇಡಬೇಕು. ನಾವು ಸಬ್‌ವೂಫರ್ ಇಡಬಹುದಾದ ಜಾಗಗಳಲ್ಲಿ ತಲೆ ತಗ್ಗಿಸಿ ಕೇಳುತ್ತಾ ಹೋಗಬೇಕು. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೋ ಅದೇ ಅದರ ಜಾಗ.

ಭಾನುವಾರ ಬೆಳಿಗ್ಗೆ ಮಗಳು, ಮೊಮ್ಮಗ, ನಾನು ಸೇರಿದೆವು. ಮೊದಲು ದಿವಾನನ್ನು ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ಎಳೆದೆವು. ಬರೀ ಅಷ್ಟಕ್ಕೇ ಗುಡ್ಡ ಅರ್ಧ ಇಳಿಯಿತು. ದುಡ್ಡು ಒಂದು ಪೈಸೆ ಖರ್ಚಿಲ್ಲ. ಆಮೇಲೆ ಇಬ್ಬರು ಹಿಡಿದು ಸಬ್‌ವೂಫರನ್ನು ದಿವಾನ್ ಮೇಲೆ ಎತ್ತಿಟ್ಟೆವು. ತಂತಿ ಸಾಲದೆ ಅಂಗಡಿಗೆ ಹೋಗಿ ಐದು ಮೀಟರ್ ತರಬೇಕಾಯಿತು. ಒಂದು ಕಛೇರಿಯ ತನಿ ಆವರ್ತನ, ಅಂದರೆ ತಾಳವಾದ್ಯಗಳೇ ನುಡಿಸುವ ಭಾಗ ಹಾಕಿದೆವು, ಜೊತೆಗೆ ಬಾಸ್ ಗಿಟಾರ್ ಒಂದೊಂದೇ ಸ್ವರವಾಗಿ ಇಳಿಯುವ ಒಂದು ಹಾಡು. ಮೊಮ್ಮಗ ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಹೋದ. ಅವನ ಹಿಂದೆ ನಾನು ಮಣೆ ಹಾಕಿಕೊಂಡು ಕೂರುತ್ತಾ, ಜರುಗುತ್ತಾ ಹೋದೆ. ಅಡಿಗೊಂದು ಸೀಮೆಸುಣ್ಣದ ಗೆರೆ. ಪ್ರತಿ ಗೆರೆಯ ಹತ್ತಿರ ಅಂಕ ಬರೆಯುವುದು, ಹತ್ತಕ್ಕೆ ಎಷ್ಟು ಅಂತ. ಇಬ್ಬರೂ ಬೇರೆ ಬೇರೆ ಬರೆಯಬೇಕು, ಒಬ್ಬರದ್ದು ಇನ್ನೊಬ್ಬರು ನೋಡಬಾರದು ಎಂದು ಮಗಳು ನಿಯಮ ಮಾಡಿದಳು. ಮೂಲೆಗೆ ನಾನು ಎರಡು ಕೊಟ್ಟಿದ್ದೆ, ಅವನು ಮೂರು. ಎಡಗೋಡೆಗೆ ಅಂಟಿಕೊಂಡು, ಮುಂದಿನ ಮೂಲೆಯಿಂದ ನಾಲ್ಕು ಅಡಿ ಈಚೆ, ಅಲ್ಲಿ ಇಬ್ಬರದ್ದೂ ಎಂಟು. ಆ ಜಾಗದಲ್ಲಿ ಬಾಸ್ ಗಿಟಾರಿನ ಒಂದೊಂದು ಸ್ವರವೂ ಬೇರೆ ಬೇರೆಯಾಗಿ, ಎಣಿಸುವ ಹಾಗೆ ಕೇಳುತ್ತಿತ್ತು. ಅಲ್ಲಿದ್ದ ಚಪ್ಪಲಿ ಸ್ಟ್ಯಾಂಡನ್ನು ಬಾಗಿಲ ಹೊರಗೆ ಕಳಿಸಿದೆವು.

ಅಗಲದ ನಟ್ಟನಡುವೆ ಕೂತರೆ 47 ಕಾಣೆಯಾಗುತ್ತದೆ ಎಂದು ಗೊತ್ತಿತ್ತಲ್ಲ, ಹಾಗಾಗಿ ದಿವಾನನ್ನು ಒಂದಡಿ ಬಲಕ್ಕೆ ಸರಿಸಿದೆವು, ಎರಡು ಸ್ಪೀಕರ್‌ಗಳನ್ನೂ ಅಷ್ಟೇ.

ಇನ್ನು ಜೋಡಣೆ. ನನ್ನ ಆಂಪ್ಲಿಫಯರ್ ಹಳೆಯದು, ಸಬ್‌ವೂಫರ್‌ಗೆ ಅಂತ ಬೇರೆ ತೂತು ಇಲ್ಲ. ಹೀಗಿದ್ದವರು ಹೊಸ ಆಂಪ್ಲಿಫಯರ್ ತಗೊಳ್ಳಬೇಕು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಬೇಡ. ಬಹಳಷ್ಟು ಸಬ್‌ವೂಫರ್‌ಗಳ ಹಿಂದೆ ಸ್ಪೀಕರ್ ತಂತಿಯನ್ನೇ ನೇರವಾಗಿ ಕೊಡುವ ಜಾಗವಿರುತ್ತದೆ. ಸ್ಪೀಕರ್‌ಗೆ ಹೋಗುವ ಕಡೆಯಿಂದಲೇ ಇನ್ನೊಂದು ಜೊತೆ ತಂತಿ ತೆಗೆದು ಅದಕ್ಕೆ ಕೊಟ್ಟರಾಯಿತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಆಂಪ್ಲಿಫಯರ್ ಆಫ್ ಮಾಡಿಯೇ ಮುಟ್ಟಬೇಕು. ಮುಖ್ಯ ಸ್ಪೀಕರ್‌ಗಳು ತಮ್ಮ ಪಾಡಿಗೆ ತಾವು ನುಡಿಯುತ್ತವೆ. ಅವು ಸೊರಗುವ ಕಡೆಯಿಂದ ಕೆಳಗೆ ಸಬ್‌ವೂಫರ್ ಹೆಗಲು ಕೊಡುತ್ತದೆ.

ಹೆಗಲು ಎಲ್ಲಿ ಕೊಡಬೇಕು ಅನ್ನುವುದೇ ಕ್ರಾಸ್‌ಓವರ್. ನಾನು ತಿರುಗುಣಿಯನ್ನು ಪೂರ್ತಿ ಕೆಳಗಿಳಿಸಿ, ಸ್ವಲ್ಪ ಸ್ವಲ್ಪವೇ ಏರಿಸಿದೆ. 70ರ ಹತ್ತಿರ ನಿಂತಿತು. ಅದಕ್ಕಿಂತ ಮೇಲೆ ಹೋದರೆ ಗಾಯಕರ ಎದೆ ದಪ್ಪವಾಗುತ್ತದೆ, ಕೆಳಗೆ ಬಂದರೆ ತಂಬೂರಿಯ ಕೊನೆಯ ತಂತಿ ತೆಳ್ಳಗಾಗುತ್ತದೆ. ನಿಮ್ಮ ಸ್ಪೀಕರ್ ದೊಡ್ಡದಿದ್ದರೆ ಇದು 50 ಆಗಬಹುದು, ತೀರಾ ಚಿಕ್ಕದಿದ್ದರೆ 100. ಎಲ್ಲರಿಗೂ ಒಂದೇ ಸಂಖ್ಯೆ ಅನ್ನುವುದು ಇಲ್ಲ.

ಮೂರನೆಯದನ್ನು ಯಾರೂ ಮುಟ್ಟುವುದಿಲ್ಲ. ಫೇಸ್ ಎಂದು ಬರೆದಿರುತ್ತದೆ, 0 ಮತ್ತು 180. ಸ್ಪೀಕರ್ ಕೋನ್ ಮುಂದೆ ಬರುವಾಗ ಸಬ್‌ವೂಫರ್ ಕೋನ್ ಹಿಂದೆ ಹೋದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಇಬ್ಬರು ಒಂದೇ ಹಗ್ಗವನ್ನು ಎದುರುಬದುರು ಎಳೆದ ಹಾಗೆ. ನಾನು ದಿವಾನ್ ಮೇಲೆ ಕಣ್ಣು ಮುಚ್ಚಿ ಕೂತೆ. 70 ಹರ್ಟ್ಸ್ ಟೋನ್ ಹಾಕಿ ಮಗಳು ಸಬ್‌ವೂಫರ್ ಹಿಂದೆ ಕೂತು ಸ್ವಿಚ್ ಅತ್ತ ಇತ್ತ ಮಾಡಿದಳು. ಯಾವ ಕಡೆ ಇದೆ ಎಂದು ನನಗೆ ಹೇಳಬಾರದು. ಒಂದು ಕಡೆ ಸದ್ದು ತುಂಬಿಕೊಂಡಿತು, ಇನ್ನೊಂದು ಕಡೆ ಖಾಲಿ. ಐದು ಸಲ ಮಾಡಿದೆವು, ಐದು ಸಲವೂ ನಾನು ಆರಿಸಿದ್ದು ಅದನ್ನೇ. ಅದು 180. ಅಂಗಡಿ ಹುಡುಗರು ಬಿಟ್ಟು ಹೋಗಿದ್ದು 0ಯಲ್ಲಿ. ಎಂಟು ತಿಂಗಳು ನನ್ನ ಸ್ಪೀಕರ್‌ಗಳೂ ಸಬ್‌ವೂಫರೂ ಜಗಳ ಆಡಿಕೊಂಡೇ ಇದ್ದವು.

ವಾಲ್ಯೂಮ್ ಕೊನೆಗೆ. ಇಲ್ಲಿ ಅವಸರ ಮಾಡಬಾರದು. ನಾನು ಗಾಯನದ ಕಛೇರಿ ಹಾಕಿ, ತಿರುಗುಣಿಯನ್ನು ಸೊನ್ನೆಯಿಂದ ಏರಿಸಿದೆ. ಸಬ್‌ವೂಫರ್ ಕೇಳುತ್ತಿದೆ ಎಂದು ಗೊತ್ತಾದ ಕೂಡಲೇ ಒಂದು ಕೂದಲಷ್ಟು ಹಿಂದಕ್ಕೆ ತಂದೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳಿದರೆ ಹುಡುಗರು ಎರಡು ಗಂಟೆಗೆ ಇಟ್ಟಿದ್ದರು, ನನ್ನದು ಒಂಬತ್ತೂವರೆಗೆ ನಿಂತಿತು. ಆಮೇಲೆ ಎರಡು ವಾರ ದಿನಾ ಒಂದೊಂದು ಬಗೆಯ ಸಂಗೀತ ಕೇಳಿ ಕೂದಲು ಕೂದಲು ತಿದ್ದಿದೆ. ಒಂದು ವಿಷಯ ಗಮನದಲ್ಲಿರಲಿ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಕೆಳಗಿನ ಸ್ವರ ಜಾಸ್ತಿ ಕಾಣೆಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ನೀವು ದಿನಾ ಎಷ್ಟು ಸದ್ದಿಗೆ ಕೇಳುತ್ತೀರೋ ಅಷ್ಟರಲ್ಲೇ ಇದನ್ನು ಹೊಂದಿಸಬೇಕು. ಜೋರಾಗಿಟ್ಟು ಹೊಂದಿಸಿ ಮೆಲ್ಲಗೆ ಕೇಳಿದರೆ ಬಾಸ್ ಸಾಲದು ಅನಿಸುತ್ತದೆ.

ಮಗಳು ತನ್ನ ಸ್ನೇಹಿತರಿಂದ ಅಳತೆಯ ಯುಎಸ್‌ಬಿ ಮೈಕ್ ತಂದಿದ್ದಳು. ಆರ್‌ಇಡಬ್ಲ್ಯೂ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದು 20ರಿಂದ ಮೇಲೆ ಒಂದು ಸಿಳ್ಳೆಯನ್ನು ಏರಿಸುತ್ತಾ ಹೋಗಿ ಕೋಣೆಯ ಗ್ರಾಫ್ ಬರೆದುಕೊಡುತ್ತದೆ. ಹಳೇ ಮೂಲೆಯಲ್ಲಿಟ್ಟು ಅಳೆದಾಗ 76ರ ಹತ್ತಿರ ಅಕ್ಕಪಕ್ಕಕ್ಕಿಂತ ಹನ್ನೊಂದು ಡೆಸಿಬೆಲ್ ಎತ್ತರದ ಗುಡ್ಡ. ಹೊಸ ಜಾಗದಲ್ಲಿ ನಾಲ್ಕು. ಕಿವಿ ಹೇಳಿದ್ದನ್ನೇ ಗ್ರಾಫ್ ಹೇಳಿತು. ಮೈಕ್ ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ, ಸೀಮೆಸುಣ್ಣ ಸಾಕು. ಫೋನಿನ ಡೆಸಿಬೆಲ್ ಆ್ಯಪ್ ಬಳಸುವುದಾದರೆ ಅದನ್ನು ಸಿ ತೂಕಕ್ಕೆ, ಅಂದರೆ ಕೆಳಗಿನ ಸ್ವರವನ್ನು ಹೆಚ್ಚು ಕಳೆಯದ ಅಳತೆಗೆ ಹಾಕಿ. ಫೋನಿನ ಮೈಕ್ ಇರುವುದು ಮಾತಿಗೆ, ತೀರಾ ಕೆಳಗಿನ ಸ್ವರವನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು, ಬೇರೆ ಬೇರೆ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸುವ ಈಕ್ವಲೈಸರ್‌ನಿಂದ ಗುಡ್ಡ ಕಡಿಯಬಹುದು. ಹಳ್ಳ ತುಂಬಲು ಹೋಗಬೇಡಿ. 47 ಮಾಯವಾಗುವ ಜಾಗದಲ್ಲಿ ಎಷ್ಟು ಸುರಿದರೂ ಅಷ್ಟೂ ಮಾಯವಾಗುತ್ತದೆ, ಆಂಪ್ಲಿಫಯರ್ ಬಿಸಿಯಾಗುವುದಷ್ಟೇ. ಎರಡು ಚಿಕ್ಕ ಸಬ್‌ವೂಫರ್‌ಗಳನ್ನು ಎದುರುಬದುರು ಗೋಡೆಯ ನಡುವೆ ಇಟ್ಟರೆ ಒಂದು ದೊಡ್ಡದಕ್ಕಿಂತ ಸಮನಾದ ಬಾಸ್ ಸಿಗುತ್ತದೆ ಎಂದು ಟಾಡ್ ವೆಲ್ಟಿ ಎಂಬುವರು 2002ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ದೊಡ್ಡದು ತಗೊಳ್ಳಿ ಎಂದು ಬರೆಯುವವರು ಇದನ್ನು ಓದಬೇಕು.

ಇದರ ನಡುವೆ ಒಂದು ಗುಂಯ್ ಸದ್ದು ಕಾಡಿತು. ಹಾಡು ನಿಂತರೂ ನಿಲ್ಲದು. ನಮ್ಮ ಕರೆಂಟಿನ 50 ಹರ್ಟ್ಸ್ ಅದು. ಬಂದ ಎಲೆಕ್ಟ್ರಿಷಿಯನ್ ಪ್ಲಗ್ಗಿನ ಮೂರನೇ ಪಿನ್ ಮುರಿದುಬಿಡೋಣ, ಸದ್ದು ಹೋಗುತ್ತದೆ ಅಂದರು. ಸದ್ದು ಹೋಗುತ್ತದೆ ನಿಜ, ಅದರ ಜೊತೆ ಜೀವ ಕಾಯುವ ಅರ್ಥಿಂಗೂ ಹೋಗುತ್ತದೆ. ಓದುಗರೇ, ಯಾರು ಹೇಳಿದರೂ ಆ ಪಿನ್ ಮುರಿಯಲು ಬಿಡಬೇಡಿ. ಆಂಪ್ಲಿಫಯರ್, ಟಿವಿ, ಸಬ್‌ವೂಫರ್ ಎಲ್ಲದರ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ತಂದೆ, ಅರ್ಧ ಕಡಿಮೆಯಾಯಿತು. ಕೇಬಲ್ ಟಿವಿಯ ದಪ್ಪ ತಂತಿಯನ್ನು ಪೆಟ್ಟಿಗೆಯಿಂದ ಬಿಚ್ಚಿದೆ, ಪೂರ್ತಿ ನಿಂತಿತು. ಅರ್ಥಿಂಗ್ ಎರಡು ಕಡೆಯಿಂದ ಬಂದು ಸುತ್ತು ಹಾಕುತ್ತಿತ್ತು. ಆ ತಂತಿಗೆ ನಡುವೆ ಹಾಕುವ ಒಂದು ಚಿಕ್ಕ ಐಸೊಲೇಟರ್ ಸಿಗುತ್ತದೆ. ಹಾಕಿಸಿದೆ, ಮುಗಿಯಿತು.

ಕೆಳಗಿನ ಮನೆಯವರ ಮಾತು ಬಾಕಿ ಇದೆ. ಅವರು ಎಂಬತ್ತರ ಹತ್ತಿರದ ಹಿರಿಯರು. ಒಬ್ಬರೇ ಇರುತ್ತಾರೆ. ಒಂದು ರಾತ್ರಿ ಮೇಲೆ ಬಂದು, 'ನಿಮ್ಮ ಹಾಡು ನಮಗೆ ಕೇಳಿಸುವುದಿಲ್ಲಮ್ಮ, ಆದರೆ ನಮ್ಮ ಅಡುಗೆ ಮನೆ ಲೋಟ ಕುಣಿಯುತ್ತದೆ' ಅಂದರು. ನಾನು ಆಗ ಫೋನ್ ತೆಗೆದು ಡೆಸಿಬೆಲ್ ತೋರಿಸಿದೆ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುವುದು ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ 45. ನನ್ನ ಬಾಗಿಲ ಹೊರಗೆ ಅಷ್ಟೂ ಇರಲಿಲ್ಲ. ನಾನು ಸರಿ ಎಂದು ವಾದಿಸಿದೆ. ಅವರು ಏನೂ ಹೇಳದೆ ಕಂಬಿ ಹಿಡಿದು ಮೆಟ್ಟಿಲಿಳಿದು ಹೋದರು.

ಅವರು ಸರಿ ಇದ್ದರು, ನಾನು ತಪ್ಪು. ಆ ನಿಯಮದ ಡೆಸಿಬೆಲ್ ಎ ತೂಕದ್ದು. ಎ ತೂಕ 50 ಹರ್ಟ್ಸ್ ಸದ್ದಿನಿಂದ ಮೂವತ್ತು ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ಅಂದರೆ ನಿಜಕ್ಕೂ 80 ಇದ್ದರೂ ಮೀಟರಿನಲ್ಲಿ 50 ಎಂದು ತೋರಿಸುತ್ತದೆ. ಲೋಟ ಕುಣಿಸುವುದು ಆ 80. ಹಾಡಿನ ಮಾತು, ಪಿಟೀಲು ಇವನ್ನು ಗೋಡೆ ತಡೆಯುತ್ತದೆ. ಕೆಳಗಿನ ಸ್ವರವನ್ನು ಆರಿಂಚಿನ ಸ್ಲ್ಯಾಬ್ ಸರಿಯಾಗಿ ತಡೆಯಲಾರದು. ಆದ್ದರಿಂದ ಸಬ್‌ವೂಫರ್ ಇಟ್ಟುಕೊಂಡವರು ಮೀಟರ್ ನೋಡಿ ಸಮಾಧಾನ ಪಡಬಾರದು. ಕೆಳಗೆ ಇಳಿದು, ಅವರ ಮನೆಯಲ್ಲಿ ನಿಂತು ಕೇಳಬೇಕು. ನಾನು ಕೇಳಿದೆ. ಮಗಳು ಮೇಲೆ ಹಳೇ ಜಾಗದಲ್ಲಿ, ಹಳೇ ವಾಲ್ಯೂಮಿನಲ್ಲಿ ನುಡಿಸಿದಳು. ಅವರ ಸ್ಟೀಲ್ ಸ್ಟ್ಯಾಂಡಿನಲ್ಲಿ ಮೂರನೇ ಸಾಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ನನಗೆ ಬಹಳ ನಾಚಿಕೆಯಾಯಿತು. ಅವರಿಗೆ ಕ್ಷಮೆ ಕೇಳಿದೆ.

ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಹಾಸಿದೆ. ಅದರಿಂದ ನಮ್ಮ ಶೋಕೇಸಿನ ಗಾಜು ಸುಮ್ಮನಾಯಿತು, ಅವರ ಲೋಟಗಳಿಗೆ ಅಷ್ಟೇನೂ ಉಪಯೋಗವಾಗಲಿಲ್ಲ. ಸದ್ದು ಗಾಳಿಯಲ್ಲೂ ಹೋಗುತ್ತದಲ್ಲ. ಉಪಯೋಗವಾದದ್ದು ಮೂಲೆ ಬಿಟ್ಟಿದ್ದು, ವಾಲ್ಯೂಮ್ ಎರಡು ಗಂಟೆಯಿಂದ ಒಂಬತ್ತೂವರೆಗೆ ಬಂದದ್ದು. ಈಗ ಕೆಳಗೆ ನಿಂತರೆ ಏನೂ ಅಲ್ಲಾಡುವುದಿಲ್ಲ. ಆದರೂ ರಾತ್ರಿ ಒಂಬತ್ತರ ಮೇಲೆ ನಾನು ಸಬ್‌ವೂಫರ್ ಸ್ವಿಚ್ ಆಫ್ ಮಾಡುತ್ತೇನೆ.

ಮೊನ್ನೆ ಅವರನ್ನೇ ಮೇಲೆ ಕರೆದು ದಿವಾನ್ ಮೇಲೆ ಕೂರಿಸಿ ಒಂದು ತನಿ ಆವರ್ತನ ಹಾಕಿದೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ವರ್ಷವರ್ಷ ಕೂತು ಕಛೇರಿ ಕೇಳಿದ ಕಿವಿ ಅವರದ್ದು. ಐದು ನಿಮಿಷ ಕೇಳಿ, 'ಎಲ್ಲಿದೆ ಆ ಡಬ್ಬ?' ಎಂದು ಕೇಳಿದರು. ಸ್ಪೀಕರ್‌ಗಳ ನಡುವೆ ಹುಡುಕುತ್ತಿದ್ದರು. ಎಡಗೋಡೆಯ ಕಡೆ ತೋರಿಸಿದೆ. ಎದ್ದು ಹೋಗಿ ಅದರ ಮೇಲೆ ಕೈ ಇಟ್ಟು ನೋಡಿದ ಮೇಲೇ ನಂಬಿದ್ದು. ನಾನು ಸ್ವಿಚ್ ಆಫ್ ಮಾಡಿ ತೋರಿಸಿದೆ. ಮೃದಂಗ ಮತ್ತೆ ರಟ್ಟಿನ ಡಬ್ಬವಾಯಿತು, ಹಾಲು ಕೂಡ ಸಣ್ಣದಾದ ಹಾಗೆ ಕಂಡಿತು. ಆನ್ ಮಾಡಿದೆ. ಗುಮ್ಕಿ ಕೆಳಗಿನಿಂದ ಎದ್ದು ಎಲ್ಲೂ ತಡೆಯದೆ ಜಾರಿಕೊಂಡು ಬಂತು.

ಸಂಪಾದಕರೇ, ಅಂಗಡಿಯವರಿಗೆ ನನ್ನದೊಂದು ಕೋರಿಕೆ, ನಿಮ್ಮ ಮೂಲಕ. ಇಪ್ಪತ್ತು, ಮೂವತ್ತು ಸಾವಿರದ ಸಾಮಾನು ಮಾರುತ್ತೀರಿ. ಮನೆಗೆ ಬರುವ ಹುಡುಗರಿಗೆ ಒಂದು ಸೀಮೆಸುಣ್ಣ, ಒಂದು ಟೋನ್ ಆ್ಯಪ್, ಒಂದು ಗಂಟೆ ಸಮಯ ಕೊಟ್ಟು ಕಳಿಸಿ. ಬೇಕಾದರೆ ಅದಕ್ಕೆ ಬೇರೆ ದುಡ್ಡು ತಗೊಳ್ಳಿ, ಜನ ಕೊಡುತ್ತಾರೆ. ನಿಮ್ಮ ಪುರವಣಿಯಲ್ಲೂ ಮುಂದಿನ ಸಲ ವಾಟ್ ಎಷ್ಟು ಎಂದು ಬರೆಯುವ ಮೊದಲು ಎಲ್ಲಿಡಬೇಕು ಎಂದು ಬರೆಯಿರಿ.

ನಮ್ಮ ಬೀದಿಯಲ್ಲಿ ಈಗಾಗಲೇ ಮೂರು ಮನೆಗೆ ಹೋಗಿ ಸರಿ ಮಾಡಿಕೊಟ್ಟಿದ್ದೇನೆ. ಮೊಮ್ಮಗನೇ ಅಂಕ ಬರೆಯುವುದು. ಮೂರರಲ್ಲಿ ಎರಡು ಕಡೆ ಫೇಸ್ ಸ್ವಿಚ್ ತಿರುಗಿಸಿದ್ದೇ ದೊಡ್ಡ ಬದಲಾವಣೆ. ಬರುವ ಭಾನುವಾರ ಎದುರು ಮನೆಯವರದು. ಅವರ ಸಬ್‌ವೂಫರ್ ಸದ್ಯ ಟಿವಿ ಸ್ಟ್ಯಾಂಡಿನ ಕಪಾಟಿನೊಳಗೆ, ಬಾಗಿಲು ಹಾಕಿಕೊಂಡು ಕೂತಿದೆ. ಮೊದಲು ಅದನ್ನು ಹೊರಗೆ ತೆಗೆಯಬೇಕು.

ಇಂತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ,
ಕುವೆಂಪುನಗರ, ಮೈಸೂರು